ನಾಲೆಗಳಲ್ಲಿ ಉಳಿದ ದೊರೆ: ಚಿಕ್ಕದೇವರಾಜ ಒಡೆಯರ್

ಶ್ರೀರಂಗಪಟ್ಟಣದ ಅರಮನೆಗಳು ಮಣ್ಣುಪಾಲಾಗಿ ಎರಡು ಶತಮಾನಗಳೇ ಕಳೆದಿವೆ. ಆದರೆ ಆ ಊರಿನ ಆಸುಪಾಸಿನ ಗದ್ದೆಗಳಿಗೆ ನೀರುಣಿಸುವ ಚಿಕ್ಕದೇವರಾಜಸಾಗರ ನಾಲೆ ಇಂದಿಗೂ ಹರಿಯುತ್ತಿದೆ. ರೈತರ ಬಾಯಲ್ಲಿ ಅದು ಸಿಡಿಎಸ್ ನಾಲೆ. ಆ ಮೂರು ಅಕ್ಷರಗಳ ಹಿಂದೆ ಮೈಸೂರು ಸಂಸ್ಥಾನವನ್ನು 31 ವರ್ಷ ಆಳಿದ ಅರಸರೊಬ್ಬರ ಬದುಕಿದೆ.

ಚಿಕ್ಕದೇವರಾಜ ಒಡೆಯರು ಜನಿಸಿದ್ದು 1645ರಲ್ಲಿ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು ಎಳವೆಯಿಂದಲೂ ಅವರ ಒಡನಾಡಿ. 1673ರಲ್ಲಿ ಪಟ್ಟಕ್ಕೆ ಬಂದಾಗ ಒಡೆಯರು ಆ ಗೆಳೆಯನನ್ನೇ ಪ್ರಧಾನಿಯನ್ನಾಗಿ ಮಾಡಿಕೊಂಡರು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರ ಕಚೇರಿ, ಅಂಚೆಯ ಏರ್ಪಾಡು, ಮೊಗಲರಿಂದ ಬೆಂಗಳೂರನ್ನು ಹಣ ಕೊಟ್ಟು ಪಡೆದದ್ದು ಈ ಕಾಲದ ಸಾಧನೆಗಳು. ತುಂಬಿದ ಬೊಕ್ಕಸದಿಂದಾಗಿ ಅವರಿಗೆ ನವಕೋಟಿ ನಾರಾಯಣ ಎಂಬ ಬಿರುದು ಬಂತು.

ಆದರೆ ಆ ಬೊಕ್ಕಸ ತುಂಬಿದ ಬಗೆ ಸುಖದ ಕಥೆಯಲ್ಲ. ಭೂಕಂದಾಯದ ಜೊತೆಗೆ ಹೇರಿದ ಹತ್ತಾರು ಸಣ್ಣ ತೆರಿಗೆಗಳಿಂದ ರೈತರು ಬಸವಳಿದರು. ಜಂಗಮರ ಮುಂದಾಳುತನದಲ್ಲಿ ಹಳ್ಳಿಗಳು ದಂಗೆಯೆದ್ದವು. ದಂಗೆಯನ್ನು ಅಡಗಿಸಲು ನಾನೂರಕ್ಕೂ ಹೆಚ್ಚು ಜಂಗಮರನ್ನು ಕೊಲ್ಲಿಸಲಾಯಿತೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಈ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬಳಿಕ ವಿಶಾಲಾಕ್ಷ ಪಂಡಿತರೂ ಹತ್ಯೆಗೀಡಾದರು. ಅವರ ಸ್ಥಾನಕ್ಕೆ ಬಂದವರು ಕವಿ ತಿರುಮಲಾರ್ಯರು.

ಇದೇ ಅರಸರು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿ, ಎರಡೂ ದಡಗಳಲ್ಲಿ ನಾಲೆ ತೋಡಿಸಿದರು. ಉತ್ತರದ್ದು ಚಿಕ್ಕದೇವರಾಜಸಾಗರ, ದಕ್ಷಿಣದ್ದು ದೇವರಾಜ ನಾಲೆ. ಇಂತಹ ಕಟ್ಟೆ ನದಿಯನ್ನು ತಡೆದು ನಿಲ್ಲಿಸುವುದಿಲ್ಲ. ನೀರಿನ ಮಟ್ಟವನ್ನು ಕೊಂಚ ಎತ್ತರಿಸಿ ನಾಲೆಗೆ ತಿರುಗಿಸುತ್ತದೆ, ಮಿಕ್ಕದ್ದು ಮೇಲಿನಿಂದ ಹರಿದುಹೋಗುತ್ತದೆ. ನೆಲದ ಇಳಿಜಾರನ್ನೇ ನಂಬಿ ಸಾಗುವ ನಾಲೆಯಿಂದ ತೂಬುಗಳ ಮೂಲಕ ಗದ್ದೆಗೆ ನೀರು ಬರುತ್ತದೆ. ಮೇಲಿನ ಗದ್ದೆಯಿಂದ ಬಸಿದದ್ದು ಕೆಳಗಿನ ಗದ್ದೆಗೆ ದಕ್ಕುತ್ತದೆ.

ನಾಲೆ ತೋಡಿಸಿದ್ದು ಅರಸರಾದರೂ ಅದನ್ನು ಕಾಪಾಡಿದ್ದು ಹಳ್ಳಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಹೂಳೆತ್ತುವುದು, ಏರಿ ಭದ್ರಪಡಿಸುವುದು ಊರೊಟ್ಟಿನ ಕೆಲಸವಾಗಿತ್ತು. ಹೊಸ ನೀರು ಬಂದಾಗ ಗಂಗೆಪೂಜೆ, ಬಾಗಿನ. ನೀರಿನ ಜೊತೆಗೆ ಹಂಚಿ ತಿನ್ನುವ ನಡವಳಿಕೆಯೂ ಗದ್ದೆಬಯಲಿಗೆ ಹರಿದುಬಂತು ಎಂದರೆ ತಪ್ಪಾಗಲಾರದು.

ನೆಮ್ಮದಿ ಕಂಡ ಈ ಆಸ್ಥಾನದಲ್ಲಿ ಸಾಹಿತ್ಯವೂ ಬೆಳೆಯಿತು. ಸಿಂಗರಾರ್ಯರ ಮಿತ್ರವಿಂದಾ ಗೋವಿಂದ ಕನ್ನಡದ ಲಭ್ಯ ನಾಟಕಗಳಲ್ಲಿ ಮೊದಲನೆಯದೆನಿಸಿದೆ. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಹದಿಬದೆಯ ಧರ್ಮವನ್ನು ರಚಿಸಿ ಕವಯಿತ್ರಿಯಾದರು.

1704ರಲ್ಲಿ ಒಡೆಯರು ನಿಧನರಾದರು. ಕನ್ನಂಬಾಡಿ ಕಟ್ಟೆಯ ಕಾಮಗಾರಿ ಆರಂಭವಾದದ್ದು 1911ರಲ್ಲಿ. ಅದಕ್ಕೂ ಮುನ್ನ ಎರಡು ಶತಮಾನ ಈ ನಾಲೆಗಳೇ ಶ್ರೀರಂಗಪಟ್ಟಣ ಸೀಮೆಯ ಅನ್ನದ ಬಟ್ಟಲಾಗಿದ್ದವು. ಇಂದು ನೀರಿನ ಹಂಚಿಕೆ ಇಲಾಖೆಯ ಕೈಯಲ್ಲಿದೆ, ನೀರುಗಂಟಿಯ ಹಳೆಯ ಅಧಿಕಾರ ಉಳಿದಿಲ್ಲ. ತೆರಿಗೆ ಹೇರಿದ ಅರಸರನ್ನು ಇತಿಹಾಸ ವಿಮರ್ಶಿಸಲಿ; ಅವರು ಹರಿಸಿದ ನೀರನ್ನು ಊರಿಗೆ ಊರೇ ಸೇರಿ ಕಾಯ್ದುಕೊಂಡ ಪಾಠವನ್ನು ಮಾತ್ರ ನಾವು ಮರೆಯಬಾರದು.