ಮತ್ತೇಯೊ ರಿಚ್ಚಿ ಸ್ವಾಮಿಗಳ ಜೀವನ ವೃತ್ತಾಂತ

ಇಟಲಿ ದೇಶದ ಪೂರ್ವಭಾಗದಲ್ಲಿ, ಗುಡ್ಡದ ಮೇಲೆ, ಮಚೆರಾತವೆಂಬ ಒಂದು ಪಟ್ಟಣವುಂಟು. ಅಲ್ಲಿ ಔಷಧಿಗಳ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಗೃಹಸ್ಥನ ಮನೆಯಲ್ಲಿ 1552ನೆಯ ಇಸವಿ ಅಕ್ಟೋಬರ್ 6ನೆಯ ತಾರೀಖಿನಲ್ಲಿ ಮತ್ತೇಯೊ ರಿಚ್ಚಿ ಎಂಬ ಬಾಲಕನು ಹುಟ್ಟಿದನು. ಅದೇ ವರ್ಷದ ಡಿಸೆಂಬರ್ 3ರಂದು ಚೀನಾ ದೇಶದ ಕರಾವಳಿಯ ಒಂದು ಸಣ್ಣ ದ್ವೀಪದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರು, ಆ ಮಹಾರಾಜ್ಯದ ಬಾಗಿಲು ತೆರೆದೀತೇ ಎಂದು ಕಾಯುತ್ತಿದ್ದಂತೆಯೇ ಜ್ವರದಿಂದ ಪ್ರಾಣಬಿಟ್ಟರು. ಒಬ್ಬರಿಗೆ ತೆರೆಯದ ಬಾಗಿಲು ಆಗ ತಾನೇ ತೊಟ್ಟಿಲಲ್ಲಿದ್ದ ಈ ಕೂಸಿಗೆ ತೆರೆಯಬೇಕಾಗಿತ್ತೆಂದು ಯಾರು ತಾನೇ ಊಹಿಸಿದ್ದರು!

ತಂದೆಯು ಮಗನನ್ನು ದೊಡ್ಡ ಅಧಿಕಾರಿಯನ್ನಾಗಿ ಮಾಡಬೇಕೆಂಬ ಆಶೆಯಿಂದ ನ್ಯಾಯಶಾಸ್ತ್ರದ ಅಭ್ಯಾಸಕ್ಕಾಗಿ 1568ರಲ್ಲಿ ರೋಮಾಪುರಿಗೆ ಕಳುಹಿಸಿದನು. ಮಗನಾದರೋ ಮೂರು ವರ್ಷಗಳ ತರುವಾಯ, 1571ರ ಆಗಸ್ಟ್ 15ರಂದು, ಯೇಸು ಸಭೆಯನ್ನು ಸೇರಿಬಿಟ್ಟನು. ಕೋಪಗೊಂಡ ತಂದೆಯು ಅವನನ್ನು ಹಿಂದಕ್ಕೆ ಕರೆತರಲು ಹೊರಟು, ದಾರಿಯಲ್ಲಿ ಜ್ವರ ಬಂದು ಮಲಗಿ, ಇದು ದೇವರ ಚಿತ್ತವೆಂದು ತಿಳಿದು ಹಿಂತಿರುಗಿದನೆಂದು ಹೇಳುತ್ತಾರೆ. ರೋಮಿನ ವಿದ್ಯಾಪೀಠದಲ್ಲಿ ರಿಚ್ಚಿಗೆ ಗಣಿತವನ್ನು ಕಲಿಸಿದವರು ಕ್ಲಾವಿಯುಸ್ ಎಂಬ ಮಹಾಪಂಡಿತರು. ಇಂದು ನಾವು ಗೋಡೆಗೆ ತೂಗುಹಾಕುವ ಪಂಚಾಂಗವನ್ನು 1582ರಲ್ಲಿ ತಿದ್ದಿ ಸಿದ್ಧಪಡಿಸಿದವರಲ್ಲಿ ಇವರೂ ಒಬ್ಬರು. ಯೂಕ್ಲಿಡನ ರೇಖಾಗಣಿತ, ಗಡಿಯಾರಗಳ ರಚನೆ, ಭೂಪಟ ಬರೆಯುವ ಕ್ರಮ, ಗ್ರಹಣಗಳ ಲೆಕ್ಕ ಇವೆಲ್ಲವನ್ನೂ ಶಿಷ್ಯನು ಶ್ರದ್ಧೆಯಿಂದ ಕಲಿತನು. ಇವು ಮುಂದೆ ಯಾವ ಕೆಲಸಕ್ಕೆ ಬಂದಾವೆಂಬುದು ಗುರುವಿಗೂ ತಿಳಿದಿರಲಾರದು.

1578ರ ಮಾರ್ಚ್ ತಿಂಗಳಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿದ ರಿಚ್ಚಿ ಸೆಪ್ಟೆಂಬರಿನಲ್ಲಿ ಗೋವೆಗೆ ಬಂದಿಳಿದರು. ನಮ್ಮ ಈ ಪಶ್ಚಿಮ ಕರಾವಳಿಯಲ್ಲಿ ಅವರು ಕಳೆದದ್ದು ಹೆಚ್ಚು ಕಡಮೆ ನಾಲ್ಕು ವರ್ಷ. ಗೋವೆಯಲ್ಲಿ ವ್ಯಾಕರಣವನ್ನು ಕಲಿಸಿದರು. ದೇಹಸ್ಥಿತಿ ಕೆಡಲು ಕೊಚ್ಚಿಗೆ ಹೋದರು. ಅಲ್ಲಿಯೇ 1580ರಲ್ಲಿ ಗುರುಪಟ್ಟವನ್ನು ಪಡೆದರು. ಚರಿತ್ರಕಾರರು ಸಾಮಾನ್ಯವಾಗಿ ಈ ಕಾಲವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಚೀನಾಕ್ಕೆ ಹಾರುತ್ತಾರೆ. ಆದರೆ ಇಲ್ಲಿ ನಡೆದ ಒಂದು ಸಂಗತಿಯನ್ನು ನಾನು ಹೇಳದೆ ಬಿಡಲಾರೆನು.

ಆ ದಿನಗಳಲ್ಲಿ ಗೋವೆಯ ವಿದ್ಯಾಲಯದಲ್ಲಿ ಈ ದೇಶದ ಹುಡುಗರೂ ಓದುತ್ತಿದ್ದರು. ಅವರಿಗೆ ಲ್ಯಾಟಿನ್ ಭಾಷೆಯನ್ನೂ ಗುರುವೃತ್ತಿಗೆ ಬೇಕಾಗುವಷ್ಟು ನೀತಿಪಾಠವನ್ನೂ ಕಲಿಸಿದರೆ ಸಾಕು, ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ ತರಗತಿಗೆ ಸೇರಿಸಬಾರದು ಎಂದು ಮೇಲಿನವರು ನಿರ್ಣಯಿಸಿದರು. ಹೆಚ್ಚು ಓದಿದರೆ ಅವರಿಗೆ ವಿದ್ಯಾಮದ ಏರುವುದು, ಹಳ್ಳಿಯ ಬಡ ಇಗರ್ಜಿಗಳಲ್ಲಿ ದುಡಿಯಲು ಒಪ್ಪರು ಎಂಬುದು ಕಾರಣ. ಆಗ ರಿಚ್ಚಿ ಸ್ವಾಮಿಗಳ ವಯಸ್ಸು ಇಪ್ಪತ್ತೊಂಬತ್ತು. 1581ರ ನವೆಂಬರಿನಲ್ಲಿ ಅವರು ರೋಮಿನಲ್ಲಿದ್ದ ತಮ್ಮ ಸಭೆಯ ಮುಖ್ಯಸ್ಥರಿಗೇ ಕಾಗದ ಬರೆದು ಈ ನಿರ್ಣಯವನ್ನು ವಿರೋಧಿಸಿದರು. ವಿದ್ಯೆಯಿಂದ ಮದವುಂಟಾಗುವುದಾದರೆ ಅದು ಯುರೋಪಿನವರಿಗೂ ಉಂಟಾಗಬಹುದಲ್ಲವೆ, ಅವರಿಗೆ ಯಾರೂ ಶಾಸ್ತ್ರವನ್ನು ನಿಷೇಧಿಸಲಿಲ್ಲವಲ್ಲ ಎಂಬುದು ಅವರ ವಾದದ ತಿರುಳು. ಜನರ ಆತ್ಮಗಳನ್ನು ಕಾಯಬೇಕಾದ ಗುರುಗಳನ್ನು ಅಜ್ಞಾನದಲ್ಲಿಡುವುದು ಸಲ್ಲದು. ತಮ್ಮನ್ನು ತಲೆಯೆತ್ತದಂತೆ ಮಾಡಿದವರನ್ನು ಈ ಜನರು ಪ್ರೀತಿಸುವುದೂ ಇಲ್ಲ ಎಂದು ಅವರು ಎಚ್ಚರಿಸಿದರು.

ಈ ವೃತ್ತಾಂತವನ್ನು ಓದಿದಾಗ ನನಗೆ ನನ್ನ ಕೊಠಡಿಗೆ ಬಂದು ಕುಳಿತಿದ್ದ ಒಬ್ಬ ತಂದೆಯ ನೆನಪಾಯಿತು. ಸದ್ಗೃಹಸ್ಥರು, ಮಗಳ ಮೇಲೆ ಪ್ರೀತಿಯಿಲ್ಲವೆಂದಲ್ಲ. ಹುಡುಗಿಯು ಗಣಿತದಲ್ಲಿ ತರಗತಿಗೇ ಮೊದಲಿಗಳು. ಆದರೂ ಇನ್ನು ಮುಂದೆ ಓದಿಸಿದರೆ ಅವಳು ಅತ್ತೆಯ ಮನೆಯಲ್ಲಿ ತಗ್ಗಿ ನಡೆಯಲಾರಳು ಎಂದು ಅವರಿಗೆ ಭಯ. ಬಹು ದೂರದಿಂದ ಬಂದ ಒಬ್ಬ ತರುಣ ಗುರುವು ಗೋವೆಯಲ್ಲಿ ನಾಲ್ಕು ನೂರು ವರ್ಷಗಳಿಗೂ ಹಿಂದೆಯೇ ಉತ್ತರ ಬರೆದ ಪ್ರಶ್ನೆಯೇ ಇದಾಗಿತ್ತು.

1582ರಲ್ಲಿ ಅಪ್ಪಣೆಯಾಗಲು ರಿಚ್ಚಿ ಸ್ವಾಮಿಗಳು ಮಕಾವೊಗೆ ಹೋಗಿ, ಅಲ್ಲಿ ಚೀನೀ ಭಾಷೆಯ ಅಭ್ಯಾಸಕ್ಕೆ ಕುಳಿತರು. ನಮ್ಮ ಕನ್ನಡದಲ್ಲಿ ಐವತ್ತು ಅಕ್ಷರಗಳನ್ನು ತಿದ್ದಿದರೆ ಓದು ಬರುವುದು; ಅಲ್ಲಿ ಒಂದೊಂದು ಪದಕ್ಕೂ ಬೇರೆ ಬೇರೆ ಚಿತ್ರಾಕ್ಷರ, ಒಂದೇ ಶಬ್ದವನ್ನು ಬೇರೆ ಬೇರೆ ಸ್ವರದಲ್ಲಿ ಹೇಳಿದರೆ ಬೇರೆ ಬೇರೆ ಅರ್ಥ. ಮಾರನೆಯ ವರ್ಷ ರುಜ್ಜೇರಿ ಎಂಬ ಸಂಗಡಿಗರೊಡನೆ ಚೀನಾದ ಒಳಗೆ ಝಾವೊಚಿಂಗ್ ಪಟ್ಟಣದಲ್ಲಿ ನೆಲೆಸಲು ಅನುಮತಿ ದೊರೆಯಿತು. ಅವರು ತಲೆ ಬೋಳಿಸಿಕೊಂಡು ಬೌದ್ಧ ಭಿಕ್ಷುಗಳಂತೆ ಉಡುಪು ಧರಿಸಿದರು. ಮನೆಯಲ್ಲಿ ತಾನಾಗಿಯೇ ಗಂಟೆ ಹೊಡೆಯುವ ಗಡಿಯಾರವನ್ನೂ, ಬೆಳಕನ್ನು ಏಳು ಬಣ್ಣವಾಗಿ ಒಡೆಯುವ ಮೂರು ಪಟ್ಟೆಯ ಗಾಜನ್ನೂ, ಗೋಡೆಯ ಮೇಲೆ ಪ್ರಪಂಚದ ಭೂಪಟವನ್ನೂ ಇಟ್ಟಿದ್ದರು. ನೋಡಲು ಬಂದ ಚೀನೀಯರಿಗೆ ಭೂಪಟವು ದೊಡ್ಡ ಆಶ್ಚರ್ಯವಾಯಿತು. ಯಾಕಂದರೆ ತಮ್ಮ ರಾಜ್ಯವೇ ಭೂಮಿಯ ಬಹುಭಾಗವೆಂದೂ ಉಳಿದ ದೇಶಗಳು ಅಂಚಿನಲ್ಲಿ ಚೆಲ್ಲಿದ ಚೂರುಗಳೆಂದೂ ಅವರು ತಿಳಿದಿದ್ದರು. 1584ರಲ್ಲಿ ಸ್ವಾಮಿಗಳು ಅದನ್ನು ಚೀನೀ ಭಾಷೆಯಲ್ಲಿ ಬರೆದು ಅಚ್ಚು ಹಾಕಿಸಿದಾಗ ಚೀನಾವು ನಡುಭಾಗಕ್ಕೆ ಬರುವಂತೆ ನಕ್ಷೆಯನ್ನು ಸರಿಸಿದರು. ಇದನ್ನು ಮುಖಸ್ತುತಿಯೆಂದು ಕೆಲವರು ಹಳಿಯುವುದುಂಟು. ಉರುಟಾದ ಭೂಮಿಗೆ ನಡುವೆಂಬುದೇ ಇಲ್ಲದಿರುವಾಗ, ಯುರೋಪನ್ನು ನಡುವೆ ಇಟ್ಟರೆ ಮಾತ್ರ ಅದು ಸತ್ಯವೆ?

ಮುಂದಿನ ವರ್ಷಗಳು ಕಷ್ಟದವು. 1589ರಲ್ಲಿ ಹೊಸ ಅಧಿಕಾರಿಯು ಅವರನ್ನು ಝಾವೊಚಿಂಗಿನಿಂದ ಹೊರಡಿಸಿದನು. ಶಾವೊಝೌ ಎಂಬ ಊರಿನಲ್ಲಿ ಇಬ್ಬರು ಸಂಗಡಿಗ ಗುರುಗಳು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. 1592ರಲ್ಲಿ ಒಂದು ರಾತ್ರಿ ಕಳ್ಳರು ಮನೆಗೆ ನುಗ್ಗಲು, ಸ್ವಾಮಿಗಳು ಕಿಟಕಿಯಿಂದ ಹಾರಿ ಪಾದವನ್ನು ಉಳುಕಿಸಿಕೊಂಡು ಆಮೇಲೆ ಕುಂಟುತ್ತಲೇ ನಡೆಯುವಂತಾಯಿತು. ಆದರೆ ಅದೇ ಊರಿನಲ್ಲಿ ಚೂ ತಾಯ್‌ಸೂ ಎಂಬ ಶ್ರೀಮಂತ ಮನೆತನದವನು ಅವರ ಸ್ನೇಹಿತನಾದನು. ಪಾದರಸವನ್ನು ಬೆಳ್ಳಿ ಮಾಡುವ ರಹಸ್ಯವು ಇವರಿಗೆ ಗೊತ್ತಿದೆಯೆಂದು ಬಂದವನು ಬೆಳ್ಳಿಯ ಆಶೆ ಬಿಟ್ಟು ಗಣಿತವನ್ನು ಕಲಿಯುತ್ತ ಕುಳಿತನಂತೆ! ಈ ದೇಶದಲ್ಲಿ ಭಿಕ್ಷುಗಳಿಗಿಂತ ವಿದ್ವಾಂಸರಿಗೆ ಮರ್ಯಾದೆ ಹೆಚ್ಚೆಂದೂ, ಆ ವೇಷವನ್ನೇ ಧರಿಸಬೇಕೆಂದೂ ಸಲಹೆಯಿತ್ತವನು ಈತನೇ. 1595ರಿಂದ ರಿಚ್ಚಿ ಸ್ವಾಮಿಗಳು ಗಡ್ಡ ಬಿಟ್ಟು, ಪಂಡಿತರ ರೇಷ್ಮೆಯ ನಿಲುವಂಗಿಯನ್ನು ತೊಟ್ಟರು. ಬಟ್ಟೆಯನ್ನು ತೊಟ್ಟ ಮಾತ್ರಕ್ಕೆ ಪಂಡಿತರಾಗುವುದಿಲ್ಲವಷ್ಟೆ. ಅಷ್ಟರಲ್ಲಾಗಲೇ ಅವರು ಕನ್‌ಫ್ಯೂಷಿಯಸನ ಮತದ ನಾಲ್ಕು ಮೂಲಗ್ರಂಥಗಳನ್ನು ಗುರುಮುಖದಿಂದ ಓದಿ ಲ್ಯಾಟಿನಿಗೆ ಭಾಷಾಂತರಿಸುವ ಕೆಲಸದಲ್ಲಿ ತೊಡಗಿದ್ದರು. ಆ ವರ್ಷವೇ ಸ್ನೇಹದ ವಿಷಯವಾಗಿ ಚೀನೀ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ರಚಿಸಿದರು. ಪಾದ್ರಿಗಳು ಮೊದಲು ಬರೆಯುವುದು ಪ್ರಶ್ನೋತ್ತರ ಮಾಲೆಯನ್ನಲ್ಲವೆ! ಆದರೆ ಈ ಸ್ನೇಹದ ಪುಸ್ತಕವನ್ನೇ ಚೀನೀ ವಿದ್ವಾಂಸರು ಕೈಯಿಂದ ಕೈಗೆ ದಾಟಿಸಿ ಓದಿದರು.

ಪೆಕಿಂಗ್ ರಾಜಧಾನಿಯನ್ನು ಸೇರಲು 1598ರಲ್ಲಿ ಮಾಡಿದ ಪ್ರಯತ್ನವು ನಿಷ್ಫಲವಾಯಿತು. ಎರಡನೆಯ ಸಲ ಹೊರಟಾಗ ಮಾ ತಾಂಗನೆಂಬ ಕಂಚುಕಿಯು ದಾರಿಯಲ್ಲಿ ತಡೆದು, ಪೆಟ್ಟಿಗೆಗಳನ್ನು ಶೋಧಿಸಿ, ಶಿಲುಬೆಯ ಮೇಲಿನ ಕ್ರಿಸ್ತನ ಪ್ರತಿಮೆಯನ್ನು ಕಂಡು, ಚಕ್ರವರ್ತಿಯನ್ನು ಕೊಲ್ಲಲು ಮಾಡಿದ ಮಾಟವಿದೆಂದು ಕೂಗಾಡಿದನು. ತಿಂಗಳುಗಟ್ಟಲೆ ಸೆರೆಯಲ್ಲಿದ್ದಂತೆ ಕಳೆದು, ಕೊನೆಗೆ 1601ರ ಜನವರಿಯಲ್ಲಿ ಅವರು ರಾಜಧಾನಿಯನ್ನು ಹೊಕ್ಕರು. ವಾನ್‌ಲೀ ಚಕ್ರವರ್ತಿಗೆ ದೇವಮಾತೆಯ ಪಟ, ಗಡಿಯಾರಗಳು, ತಂತಿಗಳುಳ್ಳ ಒಂದು ವಾದ್ಯ ಇವೇ ಕಾಣಿಕೆಗಳು. ಚಕ್ರವರ್ತಿಯು ಯಾರಿಗೂ ದರ್ಶನವೀಯದೆ ಅರಮನೆಯೊಳಗೇ ಇರುತ್ತಿದ್ದನಾದ ಕಾರಣ ಸ್ವಾಮಿಗಳು ಬರಿದಾದ ಸಿಂಹಾಸನಕ್ಕೆ ನಮಸ್ಕರಿಸಬೇಕಾಯಿತು. ಆದರೆ ಗಡಿಯಾರವು ನಿಂತುಹೋದರೆ ನಡೆಯಿಸುವವರು ಬೇಕಷ್ಟೆ! ಕೀಲಿ ಕೊಡುವ ಸಣ್ಣ ಕೆಲಸವೇ ರಾಜಧಾನಿಯಲ್ಲಿ ನಿಲ್ಲುವುದಕ್ಕೆ ದೊಡ್ಡ ಆಧಾರವಾಯಿತು.

ಪೆಕಿಂಗಿನಲ್ಲಿ ಅವರ ಆಪ್ತನಾದವನು ಶು ಗ್ವಾಂಗ್‌ಚೀ ಎಂಬ ಮಹಾವಿದ್ವಾಂಸನು. 1603ರಲ್ಲಿ ಜ್ಞಾನಸ್ನಾನ ಪಡೆದು ಪೌಲನೆಂಬ ಹೆಸರನ್ನು ಹೊಂದಿದವನು. ಇವರಿಬ್ಬರೂ ಕೂಡಿ ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದರು. ಸ್ವಾಮಿಗಳು ಬಾಯಿಂದ ಅರ್ಥವನ್ನು ಬಿಡಿಸಿ ಹೇಳುವರು. ಶು ಅದನ್ನು ಲೇಖನಿಗೆ ಇಳಿಸುವನು. ಒಪ್ಪದಿದ್ದರೆ ಹೊಡೆದುಹಾಕಿ ಮತ್ತೆ ಬರೆಯುವನು. ಬಿಂದು, ರೇಖೆ, ಕೋನ ಇವುಗಳಿಗೆ ಆ ಭಾಷೆಯಲ್ಲಿ ಸರಿಯಾದ ಪಾರಿಭಾಷಿಕ ಪದಗಳನ್ನು ಅವರು ಗೊತ್ತುಮಾಡಬೇಕಾಯಿತು. 1607ರಲ್ಲಿ ಪುಸ್ತಕವು ಅಚ್ಚಾಯಿತು. ಅವರು ರೇಖಾಗಣಿತಕ್ಕೆ ಇಟ್ಟ ಹೆಸರನ್ನೇ ಇಂದಿಗೂ ಚೀನಾದಲ್ಲಿಯೂ ಜಪಾನಿನಲ್ಲಿಯೂ ಮಕ್ಕಳು ಶಾಲೆಯಲ್ಲಿ ಹೇಳುತ್ತಾರೆ.

ರಿಚ್ಚಿ ಸ್ವಾಮಿಗಳಲ್ಲಿ ಕೊರತೆಯಿರಲಿಲ್ಲವೆಂದು ಹೇಳಲಾರೆನು. ಕನ್‌ಫ್ಯೂಷಿಯಸನ ಮತದಲ್ಲಿದ್ದ ಒಳ್ಳೆಯದನ್ನು ಅಷ್ಟು ಸೂಕ್ಷ್ಮವಾಗಿ ಕಂಡವರು, ತಾವೇ ಹನ್ನೆರಡು ವರ್ಷ ಯಾರ ವೇಷದಲ್ಲಿದ್ದರೋ ಆ ಬೌದ್ಧರ ವಿಷಯದಲ್ಲಿ ಮಾತ್ರ ಕಠಿನವಾಗಿ ಬರೆದರು. ಅಲ್ಲಿ ಅವರು ಕಲಿಯುವ ತಾಳ್ಮೆಯನ್ನು ತೋರಲಿಲ್ಲ. 1603ರಲ್ಲಿ ಪ್ರಕಟಿಸಿದ ದೇವರ ವಿಷಯದ ದೊಡ್ಡ ಗ್ರಂಥದಲ್ಲಿ ಸೃಷ್ಟಿಕರ್ತನನ್ನೂ ಆತ್ಮದ ಅಮರತ್ವವನ್ನೂ ತರ್ಕದಿಂದ ವಿಸ್ತರಿಸಿ, ಕ್ರಿಸ್ತನ ಮಾತನ್ನು ಕೊನೆಗೆ ಸ್ವಲ್ಪವಾಗಿ ಎತ್ತಿದರೆಂಬ ಆಕ್ಷೇಪವೂ ಇದೆ. ಮತ್ತೊಂದು: ಅವರು ಕಲಿಸಿದ ಖಗೋಲದಲ್ಲಿ ಭೂಮಿಯು ನಡುವೆ ಸ್ಥಿರವಾಗಿ ನಿಂತಿತ್ತು. ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡದ್ದನ್ನು ವೆನಿಸ್ಸಿನಲ್ಲಿ ಅಚ್ಚು ಮಾಡಿಸಿದ್ದು 1610ರ ಮಾರ್ಚಿನಲ್ಲಿ. ಆ ವರ್ತಮಾನವು ಪೆಕಿಂಗಿಗೆ ಮುಟ್ಟುವ ಮುನ್ನವೇ, ಅದೇ ವರ್ಷದ ಮೇ 11ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ರಿಚ್ಚಿ ಸ್ವಾಮಿಗಳು ಕರ್ತನಲ್ಲಿ ನಿದ್ರೆಹೋದರು. ಇಪ್ಪತ್ತೇಳು ವರ್ಷಗಳ ದುಡಿತಕ್ಕೆ ಆಗ ಚೀನಾದಲ್ಲಿದ್ದ ಕ್ರೈಸ್ತರು ಸುಮಾರು ಎರಡೂವರೆ ಸಾವಿರ. ಚಕ್ರವರ್ತಿಯು ನಗರದ ಪಶ್ಚಿಮ ದ್ವಾರದ ಹೊರಗೆ ಸಮಾಧಿಗೆ ಭೂಮಿಯನ್ನು ದಾನಮಾಡಿದನು. ಅವರ ಸಮಾಧಿಯ ಕಲ್ಲನ್ನು ಈಗಲೂ ಅಲ್ಲಿ ನೋಡಬಹುದು.

ಅವರ ತರುವಾಯ ಎದ್ದ ಜಗಳವನ್ನು ಹೇಳದಿದ್ದರೆ ಕಥೆಯು ಅರ್ಧವಾದೀತು. ಚೀನೀಯರು ಗತಿಸಿದ ತಂದೆತಾಯಿಗಳ ಹೆಸರಿನ ಹಲಗೆಯ ಮುಂದೆ ಧೂಪವಿಟ್ಟು ತಲೆಬಾಗುತ್ತಾರೆ. ಇದು ಹೆತ್ತವರಿಗೆ ಸಲ್ಲಿಸುವ ಗೌರವವೇ ಹೊರತು ದೇವಪೂಜೆಯಲ್ಲವೆಂದು ರಿಚ್ಚಿ ಸ್ವಾಮಿಗಳು ತಿಳಿದು ಕ್ರೈಸ್ತರಿಗೆ ಅದನ್ನು ನಿಷೇಧಿಸಿರಲಿಲ್ಲ. ಬೇರೆ ಸಭೆಗಳ ಗುರುಗಳು ಇದು ವಿಗ್ರಹಾರಾಧನೆಯೆಂದು ರೋಮಿಗೆ ದೂರಿತ್ತರು. 1704ರಲ್ಲಿಯೂ 1715ರಲ್ಲಿಯೂ, ಕಡೆಗೆ 1742ರಲ್ಲಿಯೂ ನಿಷೇಧದ ಆಜ್ಞೆಗಳು ಹೊರಟವು. 1692ರಲ್ಲಿ ಕ್ರೈಸ್ತಧರ್ಮಕ್ಕೆ ಅವಕಾಶವಿತ್ತಿದ್ದ ಕಾಂಗ್‌ಶೀ ಚಕ್ರವರ್ತಿಯು ನೊಂದು, ಬೋಧನೆಯನ್ನೇ ನಿಲ್ಲಿಸಬೇಕೆಂದನು. ತಾಯಿಯ ಹಲಗೆಗೆ ಕೈಮುಗಿಯುವುದೋ, ಇಗರ್ಜಿಗೆ ಹೋಗುವುದೋ ಎಂದು ಆಯ್ಕೆಮಾಡಬೇಕಾಗಿ ಬಂದ ಮನೆಗಳ ಸಂಕಟವನ್ನು ಬರೆದಿಟ್ಟವರು ಕಡಿಮೆ. 1939ರ ಡಿಸೆಂಬರಿನಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳ ಕಾಲದಲ್ಲಿ ಆ ಗೌರವಕ್ಕೆ ಅಪ್ಪಣೆ ದೊರೆಯಿತು. 2022ರ ಡಿಸೆಂಬರಿನಲ್ಲಿ, ತಾವೂ ಯೇಸು ಸಭೆಯವರಾಗಿದ್ದ ಫ್ರಾನ್ಸಿಸ್ ಜಗದ್ಗುರುಗಳು ರಿಚ್ಚಿ ಸ್ವಾಮಿಗಳನ್ನು ಪೂಜ್ಯರೆಂದು ಸಾರಿದರು. ಅವರು ತುಳಿದ ದಾರಿಯಾದರೋ ಅದಕ್ಕೂ ಬಹು ಮುಂಚೆಯೇ ನಮ್ಮ ಕಡೆಗೂ ಬಂದಿತ್ತು. 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಚಿನ್ನಾಮಿ ಸ್ವಾಮಿಗಳು ಯೇಸು ಸಭೆಯವರೇ. ಅವರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮಪುಸ್ತಕವನ್ನು ಬರೆದರು.

ರೇಖಾಗಣಿತವು ಅಚ್ಚಾದ 1607ರಲ್ಲಿಯೇ ಶು ಗ್ವಾಂಗ್‌ಚೀಯ ಮಗನಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಅದಕ್ಕೆ ಕಾಂದಿದಾ ಎಂದು ಹೆಸರಿಟ್ಟರು. ನಡುವಯಸ್ಸಿನಲ್ಲಿ ವಿಧವೆಯಾದ ಈಕೆಯು, ಕುಲಸ್ತ್ರೀಯರು ಹೊಸಲು ದಾಟದ ಆ ದೇಶದಲ್ಲಿ, ಮನೆಯೊಳಗೆ ಕುಳಿತು ತಾನೂ ತನ್ನವರೂ ಮಾಡಿದ ರೇಷ್ಮೆ ಕಸೂತಿಯ ಹಣದಿಂದ ಅನೇಕ ದೇವಾಲಯಗಳನ್ನು ಕಟ್ಟಿಸಿದಳು; ಧರ್ಮಗ್ರಂಥಗಳನ್ನು ಅಚ್ಚು ಹಾಕಿಸಿದಳು; ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ಸಾಕಿಸಿದಳು. 1680ರಲ್ಲಿ ಆಕೆ ತೀರಿಕೊಂಡಳು. ಆಕೆಯನ್ನು ಬಲ್ಲ ಕುಪ್ಲೆ ಸ್ವಾಮಿಗಳು ಆಕೆಯ ಚರಿತ್ರೆಯನ್ನು ಬರೆದು, ಅದು 1688ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಗಲು, ಯುರೋಪಿನ ಸ್ತ್ರೀಯರು ಚೀನಾದ ಒಬ್ಬ ಅಜ್ಜಿಯ ಕಥೆಯನ್ನು ಓದತೊಡಗಿದರು.