ಆಳಂದದ ಸಂತೆ ಕಂಡ ರಷ್ಯದ ಪರದೇಶಿ: ಅಫನಾಸಿ ನಿಕಿತಿನ್

ಊರು ಬಿಟ್ಟು ಪರಸ್ಥಳದಲ್ಲಿ ಓದಲು ನಿಲ್ಲುವವನ ಕಷ್ಟ ನಮ್ಮಲ್ಲಿ ಅನೇಕರಿಗೆ ತಿಳಿಯದುದೇನಲ್ಲ. ಅಫಜಲಪುರ ತಾಲೂಕಿನ ಭೀಮಾತೀರದ ಹಳ್ಳಿಯಿಂದಲೋ ಜೇವರ್ಗಿಯ ಕರಿನೆಲದ ಊರಿನಿಂದಲೋ ಬಂದು ವಸತಿಗೃಹ ಸೇರಿದ ಹುಡುಗನಿಗೆ ಮೊದಮೊದಲು ಊಟ ರುಚಿಸದು. ಹಬ್ಬ ಬಂದರಂತೂ ಮನೆಯ ನೆನಪು ಕಾಡುವುದು. ಇಂದಿನ ದಿನ ಒಂದು ದೇಶದ ವಿದ್ಯಾರ್ಥಿಗಳು ವಿನಿಮಯದ ಏರ್ಪಾಡಿನಲ್ಲಿ ಮತ್ತೊಂದು ದೇಶಕ್ಕೆ ಹೋಗಿ, ಅಲ್ಲಿನ ಮನೆಗಳಲ್ಲಿದ್ದು, ಅಲ್ಲಿನ ಶಾಲೆಗಳಲ್ಲಿ ಕಲಿತು ಬರುತ್ತಾರೆ. ಅವರಿಗೆ ಇಳಿದುಕೊಳ್ಳಲು ಮನೆಯುಂಟು, ಕೈಯಲ್ಲಿ ಪತ್ರವುಂಟು, ಹಿಂದಿರುಗುವ ದಿನವೂ ಗೊತ್ತುಂಟು. ಇವಾವುವೂ ಇಲ್ಲದೆ, ಸುಮಾರು ಐನೂರೈವತ್ತು ವರ್ಷಗಳ ಹಿಂದೆ ನಮ್ಮ ಸೀಮೆಗೆ ಬಂದು, ಇಲ್ಲಿನ ಬದುಕನ್ನು ಅಕ್ಷರಾಭ್ಯಾಸದಂತೆ ಮೊದಲಿನಿಂದ ಕಲಿತ ಒಬ್ಬ ಪರದೇಶಿಯ ಚರಿತ್ರೆಯನ್ನು ಇಲ್ಲಿ ಹೇಳಬೇಕಾಗಿದೆ. ಆತನು ಯಾವ ಶಾಲೆಗೂ ಸೇರಿದವನಲ್ಲ, ಬರಿಯ ವ್ಯಾಪಾರಿ. ಆದರೂ ಕಲಿತವರ ಸಾಲಿನಲ್ಲಿ ಆತನನ್ನು ಕೂರಿಸಲು ನನಗೆ ಯಾವ ಸಂಕೋಚವೂ ಇಲ್ಲ.

ಅಫನಾಸಿ ನಿಕಿತಿನ್ ರಷ್ಯದ ವೋಲ್ಗಾ ನದಿಯ ದಡದಲ್ಲಿರುವ ತ್ವೇರ್ ಪಟ್ಟಣದವನು. ಭಾರತಕ್ಕೆ ಬರಬೇಕೆಂದು ಆತನು ಹೊರಟದ್ದೇ ಅಲ್ಲ. ಸರಕು ತುಂಬಿಕೊಂಡು ವೋಲ್ಗಾ ನದಿಯಲ್ಲಿ ಇಳಿದು, ಶಿರ್ವಾನ್ ದೇಶದ ರಾಯಭಾರಿಯ ಜೊತೆಯಲ್ಲಿ ಹೋಗುತ್ತಿರುವಾಗ ಅಸ್ತ್ರಖಾನಿನ ಬಳಿ ತಾತಾರರು ದೋಚಿದರು. ಸರಕಿನೊಡನೆ ಆತನ ಪುಸ್ತಕಗಳೂ ಹೋದುವು. ಈ ಪುಸ್ತಕಗಳ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದೇ ಆತನ ದೊಡ್ಡ ಸಂಕಟವಾಗುವುದು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರ ಕಾಟ. ಆದುದರಿಂದ ಮುಂದೆ ಮುಂದೆ ನಡೆದು, ಬಾಕು ದಾಟಿ, ಇರಾನನ್ನು ಹಾಯ್ದು, ಹೊರ್ಮುಜ್ ಬಂದರಿಗೆ ಬಂದು ಮುಟ್ಟಿದನು. ಹಿಂದೂಸ್ಥಾನದಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಅಲ್ಲಿ ಅವಕ್ಕೆ ಬಹಳ ಬೆಲೆ ಎಂದು ಕೇಳಿ, ಒಂದು ಗಂಡುಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಕೊಂಕಣದ ಚೌಲದಲ್ಲಿ ಇಳಿದನು. ಹಿಂದಿನ ವಿದ್ವಾಂಸರು ಇದನ್ನು 1469ರ ಸಂಗತಿಯೆಂದರು; ಈಚಿನವರು 1471 ಎನ್ನುತ್ತಾರೆ. ಎರಡರಲ್ಲಿ ಯಾವುದಾದರೂ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬರಲು ಇನ್ನೂ ಕಾಲು ಶತಮಾನಕ್ಕೂ ಮಿಕ್ಕಿ ಕಾಲವಿದ್ದಿತು.

ಮೊದಲನೆಯ ಪಾಠ ಬೀದಿಯಲ್ಲಿಯೇ ಆಯಿತು. ಆತನು ಹೋದೆಡೆಯೆಲ್ಲ ಜನರು ಬಿಳಿಯ ಮನುಷ್ಯನನ್ನು ನೋಡಲು ಹಿಂದೆ ಬೀಳುತ್ತಿದ್ದರು. ಆತನಿಗಾದರೋ ಇಲ್ಲಿನವರು ಮೈತುಂಬ ಬಟ್ಟೆಯಿಲ್ಲದೆ, ಬರಿಗಾಲಿನಲ್ಲಿ ತಿರುಗುವುದೇ ಆಶ್ಚರ್ಯ. ನೋಡುವವರೂ ನೋಡಿಸಿಕೊಳ್ಳುವವನೂ ಸಮಾನವಾಗಿ ಬೆರಗಾದರೆಂದು ಕಾಣುತ್ತದೆ! ಮಳೆಗಾಲ ಹಿಡಿದುದರಿಂದ ಜುನ್ನರಿನಲ್ಲಿ ಎರಡು ತಿಂಗಳು ನಿಲ್ಲಬೇಕಾಯಿತು. ನಾಲ್ಕು ತಿಂಗಳು ಎಲ್ಲೆಲ್ಲೂ ನೀರು, ಕೆಸರು. ಆ ದಿನಗಳಲ್ಲಿಯೇ ಇಲ್ಲಿನವರು ಉಳುತ್ತಾರೆ, ಗೋದಿ, ಭತ್ತ, ಕಡಲೆ ಬಿತ್ತುತ್ತಾರೆ ಎಂದು ಬರೆದಿಟ್ಟನು. ಹಿಮದ ಚಳಿಗಾಲವನ್ನು ಬಲ್ಲವನಿಗೆ ನಮ್ಮ ಮಳೆಗಾಲವೇ ಚಳಿಗಾಲವಾಗಿ ತೋರಿತು.

ಜುನ್ನರಿನಲ್ಲಿಯೇ ದೊಡ್ಡ ಪರೀಕ್ಷೆಯೂ ಒದಗಿತು. ಅಲ್ಲಿನ ಅಧಿಕಾರಿ ಅಸದ್ ಖಾನನು, ಈ ಪರದೇಶಿ ಮುಸಲ್ಮಾನನಲ್ಲ, ರಷ್ಯದವನು ಎಂದು ತಿಳಿದೊಡನೆ ಆತನ ಕುದುರೆಯನ್ನು ಕಸಿದುಕೊಂಡನು. ಮತ ಬದಲಿಸಿದರೆ ಕುದುರೆಯೊಡನೆ ಸಾವಿರ ಹೊನ್ನು. ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ತಲೆದಂಡವಾಗಿ ಸಾವಿರ ಹೊನ್ನು ತೆರಬೇಕು. ಯೋಚಿಸಲು ನಾಲ್ಕು ದಿನದ ಅವಧಿ. ಆ ಕುದುರೆಯೇ ಆತನ ಸರ್ವಸ್ವ. ಅದನ್ನು ಇಲ್ಲಿಯವರೆಗೆ ತರಲು ನೂರು ರೂಬಲ್ ತಗುಲಿತ್ತು. ಅಷ್ಟರಲ್ಲಿ ಮಹಮ್ಮದನೆಂಬ ಒಬ್ಬ ಖುರಾಸಾನಿ ಗೃಹಸ್ಥನು ಊರಿಗೆ ಬಂದನು. ನಿಕಿತಿನನು ಅವನ ಕಾಲು ಹಿಡಿದು ಬೇಡಿಕೊಂಡನು. ಅವನು ಖಾನನ ಬಳಿಗೆ ಹೋಗಿ ಮಾತನಾಡಿ, ಮತವನ್ನೂ ಉಳಿಸಿ ಕುದುರೆಯನ್ನೂ ಬಿಡಿಸಿಕೊಟ್ಟನು. ಕಿರುಕುಳ ಕೊಟ್ಟವನೂ ಮುಸಲ್ಮಾನನೇ, ಕಾಪಾಡಿದವನೂ ಮುಸಲ್ಮಾನನೇ. ಪರದೇಶದಲ್ಲಿ ಒಬ್ಬನ ನಡತೆಯಿಂದ ಎಲ್ಲರನ್ನೂ ಅಳೆಯುವ ಅಭ್ಯಾಸ ಹೊಸಬರಲ್ಲಿ ಸಾಮಾನ್ಯ; ಅದಕ್ಕೆ ಇಲ್ಲಿ ಆಸ್ಪದವೇ ದೊರೆಯಲಿಲ್ಲ.

ಅಲ್ಲಿಂದ ಬಹಮನಿ ರಾಜ್ಯದ ರಾಜಧಾನಿಯಾದ ಬೀದರಕ್ಕೆ ಬಂದನು. ಸಿಂಹಾಸನದ ಮೇಲೆ ಇಪ್ಪತ್ತರ ಹರೆಯದ ಸುಲ್ತಾನ ಮೂರನೆಯ ಮಹಮ್ಮದ. ಆಡಳಿತವೆಲ್ಲ ಮಂತ್ರಿ ಮಹಮೂದ್ ಗಾವಾನನ ಕೈಯಲ್ಲಿ. ಗಾವಾನನೂ ಪರದೇಶಿಯೇ, ಇರಾನಿನ ಗಿಲಾನಿನಿಂದ ವ್ಯಾಪಾರಿಯಾಗಿ ಬಂದವನು. ಅವನು ಕಟ್ಟಿಸಿದ ಪ್ರಸಿದ್ಧ ವಿದ್ಯಾಲಯ 1472ರಲ್ಲಿ ಮುಗಿಯಿತು. ಮೂರಂತಸ್ತಿನ ಆ ಕಟ್ಟಡದಲ್ಲಿ ವಿದ್ಯಾರ್ಥಿಗಳಿಗೂ ಪಂಡಿತರಿಗೂ ವಾಸದ ಕೋಣೆಗಳಿದ್ದುವು. ಅದರ ಅವಶೇಷವನ್ನು ಬೀದರಕ್ಕೆ ಹೋದವರು ಇಂದಿಗೂ ನೋಡಬಹುದು. ನಿಕಿತಿನನ ವಿದ್ಯಾಲಯ ಮಾತ್ರ ಪೇಟೆ, ಛತ್ರ, ದಾರಿಗಳೇ ಆಗಿದ್ದುವು. ಸುಲ್ತಾನನ ಆನೆಕುದುರೆಗಳ ಮೆರವಣಿಗೆಯನ್ನು ಕಣ್ಣರಳಿಸಿ ನೋಡಿದನೇನೋ ನಿಜ. ಆದರೆ ಅದರೊಡನೆಯೇ, ಪ್ರಭುಗಳು ಭೋಗದಲ್ಲಿ ಮುಳುಗಿರುವರು, ಹಳ್ಳಿಯ ಜನ ಬಹಳ ಬಡವರು ಎಂಬುದನ್ನೂ ಬರೆಯಲು ಮರೆಯಲಿಲ್ಲ. ಈ ಒಂದು ಸಾಲಿಗಾಗಿಯೇ ಆತನ ಮೇಲೆ ನನಗೆ ಗೌರವ.

ಇಲ್ಲಿ ಆತನಿಗೆ ಎರಡು ಹೆಸರುಗಳಿದ್ದುವು. ವ್ಯಾಪಾರದ ಅನುಕೂಲಕ್ಕಾಗಿ ಖೋಜಾ ಯೂಸುಫ್ ಖುರಾಸಾನಿ ಎನಿಸಿಕೊಂಡಿದ್ದನು. ಹಿಂದೂಗಳು ಇವನು ಮುಸಲ್ಮಾನನೆಂದು ದೂರವಿರುತ್ತಿದ್ದರು. ಕೊನೆಗೆ ಆತನು ತನ್ನ ಪರಿಚಯದ ಅನೇಕ ಹಿಂದೂಗಳಿಗೆ, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ನಿಜವಾದ ಹೆಸರು ಅಫನಾಸಿ ಎಂದು ತಿಳಿಸಿದನು. ಅಂದಿನಿಂದ ಬಾಗಿಲುಗಳು ತೆರೆದುವು. ತಮ್ಮ ಊಟ, ವ್ಯಾಪಾರ, ಪೂಜೆ, ಪ್ರಾರ್ಥನೆ ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಮನೆಯ ಹೆಂಗಸರನ್ನೂ ಮರೆಮಾಡಲಿಲ್ಲ. ಇಲ್ಲಿ ಎಂಬತ್ತನಾಲ್ಕು ಮತಗಳಿವೆಯೆಂದೂ ಒಬ್ಬರೊಡನೆ ಒಬ್ಬರು ಉಣ್ಣುವುದಿಲ್ಲವೆಂದೂ ಆತನು ತಿಳಿದುಕೊಂಡನು. ಅನ್ನ, ತುಪ್ಪದ ಖಿಚಡಿ, ಸೊಪ್ಪು. ಉಣ್ಣುವುದು ಬಲಗೈಯಿಂದ, ಚಮಚವಿಲ್ಲ. ಪ್ರಯಾಣದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಡಿಗೆ. ಇವನ್ನೆಲ್ಲ ನಗೆಯಾಡದೆ, ವಿದ್ಯಾರ್ಥಿಯಂತೆ ಗುರುತು ಹಾಕಿಕೊಂಡನು. ಅವರ ಜೊತೆಯಲ್ಲಿಯೇ ಒಂದು ತಿಂಗಳ ದಾರಿ ನಡೆದು ಶ್ರೀಶೈಲಕ್ಕೆ ಹೋಗಿ, ಶಿವನ ಜಾತ್ರೆ ನೋಡಿದನು. ಕಪ್ಪುಕಲ್ಲಿನ ನಂದಿಯ ಗೊರಸಿಗೆ ಜನರು ಮುತ್ತಿಟ್ಟು ಹೂವೇರಿಸುವುದನ್ನು ಕಂಡನು. ತಮ್ಮವರಿಗೆ ಜೆರೂಸಲೇಮ್ ಹೇಗೋ ಇವರಿಗೆ ಈ ಪರ್ವತ ಹಾಗೆ ಎಂದು ಹೋಲಿಸಿಕೊಂಡನು.

ಈಗ ನಮ್ಮ ಆಳಂದದ ಮಾತು. ಆಳಂದದಲ್ಲಿ ಲಾಡ್ಲೆ ಮಶಾಯಕರೆಂದು ಪ್ರಸಿದ್ಧರಾದ ಶೇಖ್ ಅಲಾವುದ್ದೀನರ ದರ್ಗಾ ಇದೆ. ಉರುಸು ಇಂದಿಗೂ ನಡೆಯುತ್ತದೆ. ನಿಕಿತಿನನು ವರ್ಣಿಸುವ ಶೇಖ್ ಅಲಾವುದ್ದೀನರ ಸಂತೆ ಇದೇ ಸ್ಥಳದ್ದು. ಬೀದರದಿಂದ ಹನ್ನೆರಡು ಕೋಸು. ವರ್ಷಕ್ಕೊಮ್ಮೆ ಕೂಡಿ ಹತ್ತು ದಿನ ನಡೆಯುವುದು. ಇಡೀ ಹಿಂದೂಸ್ಥಾನದ ವ್ಯಾಪಾರಿಗಳು ಸೇರುವರು. ಮಾರಾಟಕ್ಕೆ 20,000 ಕುದುರೆಗಳವರೆಗೂ ಬರುವುವು. ಹಿಂದೂಸ್ಥಾನದಲ್ಲಿ ಇದಕ್ಕಿಂತ ಒಳ್ಳೆಯ ಸಂತೆಯಿಲ್ಲ ಎಂಬುದು ಆತನ ತೀರ್ಪು. ಕುದುರೆಯ ಲೆಕ್ಕ ಹೆಚ್ಚಾಯಿತೆಂದು ಯಾರಾದರೂ ಅನ್ನಬಹುದು. ಆದರೆ ರಾವುತರ ದಂಡಿನ ಮೇಲೆ ನಿಂತ ರಾಜ್ಯಕ್ಕೆ ಕುದುರೆಗಳೆಲ್ಲ ಅರಬಸ್ಥಾನ, ಇರಾನುಗಳಿಂದಲೇ ಬರಬೇಕಾಗಿದ್ದ ಕಾಲವದು. ಸಂತೆ ಸಣ್ಣದಾಗಿರಲು ಸಾಧ್ಯವಿಲ್ಲ. ಆಳಂದದಲ್ಲಿ ಆತನು ಕೇಳಿದ ಒಂದು ಹಕ್ಕಿಯ ಕಥೆಯೂ ಇದೆ. ರಾತ್ರಿ ಹಾರಾಡಿ ಕುಕ್ ಕುಕ್ ಎಂದು ಕೂಗುವುದಂತೆ. ಯಾವ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವಂತೆ. ಕೊಲ್ಲಹೋದರೆ ಬಾಯಿಂದ ಬೆಂಕಿ ಬರುವುದಂತೆ. ಗೂಗೆ ಮನೆಯ ಮೇಲೆ ಕೂತರೆ ಇಂದಿಗೂ ನಮ್ಮ ಹಳ್ಳಿಯ ಅಜ್ಜಿಯರು ಮುಖ ಸಪ್ಪಗೆ ಮಾಡುವರು. ಬೆಂಕಿಯ ಮಾತನ್ನು ಮಾತ್ರ ಯಾವನೋ ಹಾಸ್ಯಗಾರ ಪರದೇಶಿಗೆ ಸೇರಿಸಿ ಹೇಳಿರಬೇಕು.

ಈ ಸಂತೆಯ ಕಾಲವನ್ನು ಆತನು ಗುರುತಿಸಿದ್ದು ತನ್ನ ಊರಿನ ಮೇರಿಮಾತೆಯ ಹಬ್ಬದಿಂದ. ಹೀಗೆ ನಮ್ಮ ದಿನಗಳನ್ನು ತನ್ನ ಪಂಚಾಂಗಕ್ಕೆ ಹೊಂದಿಸಿಕೊಳ್ಳುತ್ತಿದ್ದವನಿಗೆ ಆ ಪಂಚಾಂಗವೇ ಕೈಬಿಡತೊಡಗಿತು. ಈಸ್ಟರ್ ಹಬ್ಬ ಯಾವ ದಿನವೆಂಬುದನ್ನು ಪುಸ್ತಕ ನೋಡಿ ಗುಣಿಸಬೇಕು. ಪುಸ್ತಕಗಳು ವೋಲ್ಗಾದ ದಡದಲ್ಲಿಯೇ ಹೋಗಿದ್ದುವು. ಬುಧವಾರ ಶುಕ್ರವಾರಗಳ ವ್ರತವೂ ತಪ್ಪಿತು. ರಾತ್ರಿ ಆಕಾಶ ನೋಡಿ, ಕೃತ್ತಿಕೆ ಎಲ್ಲಿದೆ, ಸಪ್ತರ್ಷಿಗಳು ಯಾವ ಕಡೆ ತಿರುಗಿದ್ದಾರೆ ಎಂದು ಅಂದಾಜು ಮಾಡಿದನು. ಮುಸಲ್ಮಾನರ ಹಬ್ಬಕ್ಕೆ ಒಂಬತ್ತು ಹತ್ತು ದಿನ ಮುಂಚೆ ತಮ್ಮದು ಬರಬಹುದೆಂದು ಊಹಿಸಿದನು. ಒಂಟಿಯಾಗಿ ಉಪವಾಸ ಮಾಡಲಾರದೆ, ಸುತ್ತಲಿನವರು ರೋಜಾ ಹಿಡಿದಾಗ ತಾನೂ ಹಿಡಿದು, ಮಾಂಸ ಬಿಟ್ಟು, ಮನಸ್ಸಿನಲ್ಲಿ ತನ್ನ ದೇವರನ್ನು ನೆನೆದನು. ನಾಲ್ಕು ಈಸ್ಟರ್ ಹಬ್ಬಗಳು ಹೀಗೆ ಕಳೆದುವು. ಬರವಣಿಗೆಯಲ್ಲಿಯೂ ರಷ್ಯನ್ ನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಸೇರಿಕೊಂಡುವು; ಎದೆಯಾಳದ ಪ್ರಾರ್ಥನೆಗಳೂ ಆ ಕಲಬೆರಕೆ ಭಾಷೆಯಲ್ಲಿಯೇ ಬಂದುವು. ಆತನು ಕಡೆಗೆ ಮತ ಬಿಟ್ಟನೋ ಇಲ್ಲವೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಬಿಟ್ಟಿದ್ದರೆ ಹಬ್ಬದ ದಿನ ತಪ್ಪಿತೆಂದು ಇಷ್ಟು ಮರುಗುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಲಾಭವೂ ಅಷ್ಟರಲ್ಲಿಯೇ ಇದ್ದಿತು. ವರ್ಷವಿಡೀ ಮೇವು ಹಾಕಿ ಸಾಕಿದ ಕುದುರೆಯನ್ನು ಬೀದರದಲ್ಲಿ ಮಾರಿದ್ದನು. ರಷ್ಯಕ್ಕೆ ಒಯ್ಯತಕ್ಕ ಸರಕು ಇಲ್ಲಿ ಸಿಕ್ಕಲಿಲ್ಲ. ಮೆಣಸು, ಬಣ್ಣ ಅಗ್ಗವಾದರೂ ದಾರಿಯ ಸುಂಕ ಬಹಳ, ಕಡಲುಗಳ್ಳರೂ ಬಹಳ. ಕೊನೆಗೆ ಊರಿಗೆ ಹೊರಟನು. ಕಲಬುರಗಿಗೆ ಬಂದು, ಅಲ್ಲಿಂದ ಮತ್ತೆ ಆಳಂದದ ಶೇಖ್ ಅಲಾವುದ್ದೀನರ ಸ್ಥಳವನ್ನು ಹಾಯ್ದು, ದಾಭೋಳ ಬಂದರಿನಲ್ಲಿ ಹಡಗು ಹತ್ತಿದನು. ಗಾಳಿ ಹಡಗನ್ನು ಇಥಿಯೋಪಿಯದ ಕಡೆಗೆ ಒಯ್ದಿತು. ಹೊರ್ಮುಜ್, ಇರಾನ್, ಟ್ರೆಬಿಜಾಂಡ್ ಮಾರ್ಗವಾಗಿ ಕಪ್ಪುಸಮುದ್ರ ದಾಟಿ ಕ್ರಿಮಿಯದ ಕಾಫಾ ಪಟ್ಟಣ ಸೇರಿದನು. ಅಲ್ಲಿಂದ ತ್ವೇರಿಗೆ ಹೋಗುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ಇನ್ನೂ ಮುಟ್ಟದಿರುವಾಗಲೇ ತೀರಿಕೊಂಡನು.

ಆತನ ಕೈಬರಹದ ಹಾಳೆಗಳನ್ನು ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ತಂದು, ಮಹಾರಾಜನ ಕರಣಿಕನಾದ ವಾಸಿಲಿ ಮಾಮಿರೇವನಿಗೆ ಒಪ್ಪಿಸಿದರು. ಅವು ಮೂರು ಸಮುದ್ರಗಳಾಚೆಯ ಯಾತ್ರೆ ಎಂಬ ಹೆಸರಿನಲ್ಲಿ ಮಠಗಳ ಚರಿತ್ರೆಯ ಕಡತಗಳಲ್ಲಿ ಸೇರಿಹೋದುವು. 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್ಜಿನನು ಅವನ್ನು ಹುಡುಕಿ ಬೆಳಕಿಗೆ ತಂದನು. 1955ರಲ್ಲಿ ತ್ವೇರಿನ ನದೀತೀರದಲ್ಲಿ ನಿಕಿತಿನನ ಪ್ರತಿಮೆ ನಿಂತಿತು. ಎರಡು ವರ್ಷಗಳಲ್ಲಿ ಭಾರತ ಮತ್ತು ಸೋವಿಯತ್ ದೇಶದವರು ಕೂಡಿ ಆತನ ಕಥೆಯನ್ನು ಪರದೇಸಿ ಎಂಬ ಚಲನಚಿತ್ರವಾಗಿ ತೆಗೆದರು. ಆಳಂದದ ಸಂತೆ, ಕುದುರೆಗಳ ಲೆಕ್ಕ ಮತ್ತು ಆ ರಾತ್ರಿಯ ಹಕ್ಕಿ ರಷ್ಯದ ಹಳೆಯ ಕಡತಗಳಲ್ಲಿ ಇಂದಿಗೂ ಹಾಗೆಯೇ ಇವೆ.