ರೇಖೆಯಲ್ಲಿ ಮನುಷ್ಯನನ್ನು ಉಳಿಸಿಕೊಂಡ ಹೆಬ್ಬಾರ್

ಆಧುನಿಕ ಚಿತ್ರಕಲೆ ಅಮೂರ್ತದತ್ತ ಹೊರಳಿದಾಗ ಅನೇಕ ಕಲಾವಿದರ ಕೃತಿಗಳಿಂದ ಮನುಷ್ಯಾಕೃತಿ ಮರೆಯಾಯಿತು. ಕನ್ನಡ ನಾಡಿನ ಕೆ.ಕೆ. ಹೆಬ್ಬಾರ್ ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಜನಿಸಿದ್ದು 1911ರಲ್ಲಿ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ. ತಂದೆ ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ಯಕ್ಷಗಾನದ ನಾಡಿನಲ್ಲಿ ಬೆಳೆದ ಹುಡುಗ ಮುಂದೆ ಮುಂಬಯಿಗೆ ತೆರಳಿ, ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದರು. ಬಳಿಕ ಅಲ್ಲಿಯೇ ಕೆಲಕಾಲ ಅಧ್ಯಾಪಕರೂ ಆದರು.

ಅಂದಿನ ಕಲಾಶಾಲೆಗಳು ಕಲಿಸುತ್ತಿದ್ದುದು ಕಂಡದ್ದನ್ನು ಕಂಡಂತೆ, ನೆರಳು ಬೆಳಕಿನೊಡನೆ ಚಿತ್ರಿಸುವ ವಿದ್ಯೆ. ಹೆಬ್ಬಾರರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. 1949ರಲ್ಲಿ ಪ್ಯಾರಿಸ್‌ಗೆ ತೆರಳಿ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದರು. ಯುರೋಪಿನ ಹೊಸ ಕಲೆಯನ್ನು ಹತ್ತಿರದಿಂದ ಕಂಡರೂ ಅದರ ನಕಲಿಗೆ ಇಳಿಯಲಿಲ್ಲ. ದೇಹದ ಲಯವನ್ನು ಅರಿಯಲು ಸ್ವತಃ ಕಥಕ್ ನೃತ್ಯವನ್ನೂ ಕಲಿತರು.

ಆ ಕಲಿಕೆಯ ಫಲ ಅವರ ರೇಖಾಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಹಲವು ಚಿತ್ರಗಳಲ್ಲಿ ಮುಖದ ವಿವರಗಳಿಲ್ಲ, ನೆರಳಿಲ್ಲ, ಹಿನ್ನೆಲೆಯೂ ಇಲ್ಲ. ಬಾಗಿ ಬಳುಕುವ ಕೆಲವೇ ಗೆರೆಗಳು. ಆದರೂ ಕುಣಿಯುವವನ ಹೆಜ್ಜೆ, ವಾದ್ಯಗಾರನ ತನ್ಮಯತೆ ನೋಡುಗನಿಗೆ ತಿಳಿಯುತ್ತದೆ. ಅವರ ರೇಖಾಚಿತ್ರಗಳ ಸಂಕಲನಕ್ಕೆ ‘ದಿ ಸಿಂಗಿಂಗ್ ಲೈನ್’, ಅಂದರೆ ಹಾಡುವ ರೇಖೆ, ಎಂಬ ಹೆಸರು ಬಂದದ್ದು ಅನ್ವರ್ಥಕವೇ ಸರಿ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನರಸಿ ಬಂದವು. 1996ರಲ್ಲಿ ಮುಂಬಯಿಯಲ್ಲಿ ನಿಧನರಾದರು. ಆಕೃತಿಯನ್ನು ಎಷ್ಟೇ ಸರಳಗೊಳಿಸಿದರೂ ಅದರೊಳಗಿನ ಮನುಷ್ಯ ಕಳೆದುಹೋಗಬೇಕಿಲ್ಲ ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ.